ಹಾನಗಲ್ಲಿಗೆ ಹೋದ ಕಾಫಿ

ಹಿರೇಕೆರೂರಿನ ಚರ್ಚಿಗೆ ಹೊಸ ಸಭಾಪಾಲಕರು ಬಂದ ದಿನ ಸಭೆಯ ಜನ ಹಾರ ಹಾಕಿದ್ದು ಅವರ ಗಂಡನ ಕೊರಳಿಗೆ. ಜಯಶೀಲ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಟೆಂಪೋದಿಂದ ಟ್ರಂಕು ಇಳಿಸುತ್ತಿದ್ದವನು ಕೈ ಒರೆಸಿಕೊಳ್ಳುವಷ್ಟರಲ್ಲಿ ಚೆಂಡುಹೂವಿನ ಹಾರ ಕೊರಳಿಗೆ ಬಿದ್ದಿತ್ತು. "ಅಯ್ನೋರ, ಪ್ರಾರ್ಥನಾ ಮಾಡಿ ಒಳಗ ಬರ್ರಿ" ಎಂದು ಯಾರೋ ಕೈಯನ್ನೂ ಹಿಡಿದಿದ್ದರು. ಅವನು ನಗುತ್ತ ಹಾರ ತೆಗೆದು, ಹಿಂದೆ ಹಿತ್ತಾಳೆಯ ಕಾಫಿ ಫಿಲ್ಟರನ್ನು ಕೂಸಿನ ಹಾಗೆ ಎದೆಗವಚಿಕೊಂಡು ನಿಂತಿದ್ದ ಹೆಂಡತಿಯ ಕೊರಳಿಗೆ ಹಾಕಿದ.

"ಅಯ್ನೋರು ಇವರ್ರಿ. ನಾ ಬರೇ ನಟ್ಟು ಬೋಲ್ಟು ಬಿಗಿ ಮಾಡಾಂವ."

ಹೆಂಗಸರ ಗುಂಪಿನಲ್ಲಿ ಒಬ್ಬಳು, "ಹಂಗಾರ ಇದು ಎರಡನೇ ಸಲ ಮದವಿ ಆದಂಗಾತು ನೋಡ್ರಿ" ಎಂದಳು. ನಗು ಹರಡಿತು. ರೆವರೆಂಡ್ ದಯಾಮಣಿ ಹಾಗೆ ಆ ಊರಿಗೆ ಕಾಲಿಟ್ಟಳು.

ಹಿರೇಕೆರೂರು ಆಕೆಯ ಮುಖ್ಯ ಸಭೆ. ಹಾನಗಲ್ಲು, ಶಿಗ್ಗಾವಿ, ಸವಣೂರಿನಲ್ಲಿದ್ದ ಸಣ್ಣ ಸಭೆಗಳೂ ಆಕೆಯವೇ. ಒಂದೊಂದರಲ್ಲೂ ಬೆರಳೆಣಿಕೆಯ ಮನೆಗಳು. ಮನೆಗಳು ಕಡಿಮೆಯಾದರೇನು, ಹುಟ್ಟು, ಸಾವು, ಮದುವೆ, ಮುನಿಸು ಎಲ್ಲ ಕಡೆಯೂ ಇರುತ್ತವೆ. ಭಾನುವಾರ ಬೆಳಿಗ್ಗೆ ಒಂದೂರಲ್ಲಿ ಆರಾಧನೆ, ಮಧ್ಯಾಹ್ನ ಇನ್ನೊಂದೂರಲ್ಲಿ. ವಾರದ ನಡುವೆ ಬಸ್ಸು ಹತ್ತಿ ಮನೆಮನೆಯ ಭೇಟಿ. ಹಿರಿಯ ಮಗಳು ಕೀರ್ತನಾ ಹತ್ತನೆಯ ತರಗತಿಯಲ್ಲಿದ್ದಳು, ಕಿರಿಯವಳು ಸ್ಫೂರ್ತಿಗೆ ಮುಂದಿನ ಹಲ್ಲು ಬೀಳುವ ವಯಸ್ಸು. ಅಕ್ಕನಿಗೆ ಲೆಕ್ಕ ಹೇಳಿಕೊಡುತ್ತ, ತಂಗಿಗೆ ಜಡೆ ಹಾಕುತ್ತ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಸವಣೂರಿನ ಅತ್ತೆ ಸೊಸೆಯರ ಜಗಳ ಕೇಳುತ್ತಿದ್ದ ದಯಾಮಣಿಯನ್ನು ನೋಡಿದವರು, ಇವಳಿಗೆ ದೇವರು ಎರಡು ಕೈ ಮಾತ್ರ ಕೊಟ್ಟಿದ್ದೇಕೆ ಎಂದುಕೊಳ್ಳಬೇಕು.

ಆದರೆ ಕಾಫಿಯ ವಿಷಯದಲ್ಲಿ ಮಾತ್ರ ಆಕೆ ಎಂದೂ ಅವಸರ ಮಾಡಿದವಳಲ್ಲ. ದೇವಶಾಸ್ತ್ರ ಓದುತ್ತಿದ್ದಾಗ ಹಾಸ್ಟೆಲಿನ ಕೋಣೆಯಲ್ಲಿ ಜತೆಗಿದ್ದ ಚಿಕ್ಕಮಗಳೂರಿನ ಗೆಳತಿ ಹಚ್ಚಿದ ಹುಚ್ಚು ಅದು. ಆ ಗೆಳತಿ ಈಗಲೂ ಬಸ್ಸಿನಲ್ಲಿ ಹಸಿ ಬೀಜ ಕಳಿಸುತ್ತಿದ್ದಳು. ಶನಿವಾರ ದಯಾಮಣಿ ಕಬ್ಬಿಣದ ಬಾಣಲಿಯಲ್ಲಿ ಬೀಜ ಹುರಿಯುತ್ತ ಮರುದಿನ ಚರ್ಚಿನಲ್ಲಿ ಹೇಳಬೇಕಾದ ಪ್ರಸಂಗವನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದಳು. ಬೀಜ ಸೀದ ವಾಸನೆ ಬಂದರೆ, "ನಾಳೆ ವಾಕ್ಯ ಬಾಳ ಕಠಿಣ ಐತಿ" ಎಂದು ಮಕ್ಕಳು ನಗುತ್ತಿದ್ದರು. ಚಹಾದ ಸೀಮೆ ಅದು. ಮೊದಮೊದಲು ಮನೆಗೆ ಬಂದವರು, "ಅರ್ಧಾ ಕಪ್ ಚಹಾ ಸಾಕ್ರಿ" ಅನ್ನುತ್ತಿದ್ದರು. ಆಕೆ ಒಪ್ಪಿಕೊಂಡು ಕಾಫಿಯನ್ನೇ ಇಡುತ್ತಿದ್ದಳು. ಡಿಕಾಕ್ಷನ್ ಹನಿಹನಿಯಾಗಿ ಇಳಿಯುವವರೆಗೂ ಬಂದವರು ಹೇಳುವುದನ್ನು ಕೇಳುತ್ತ ಕೂರುತ್ತಿದ್ದಳು. ಮಾತು ಮುಗಿಯುವ ಹೊತ್ತಿಗೆ ಲೋಟ ಕೈಗೆ ಬರುತ್ತಿತ್ತು. ಕ್ರಮೇಣ ಜನ ಕಾಫಿಯ ನೆಪದಲ್ಲಿ ಬಂದು ಅಳತೊಡಗಿದರು.

ಹಾನಗಲ್ಲಿನ ಸಾಮುವೇಲಪ್ಪನೊಬ್ಬ ಮಾತ್ರ ಬಗ್ಗಲಿಲ್ಲ. ಅಲ್ಲಿನ ಸಭಾ ಹಿರಿಯ ಅವನು. ಊರ ಹೊರಗೆ ಮಾವಿನ ತೋಟ, ಒಂದಿಷ್ಟು ಭತ್ತದ ಗದ್ದೆ. ಮೊದಲನೆಯ ಭಾನುವಾರವೇ ಆರಾಧನೆಗೆ ಮುಂಚೆ ದಯಾಮಣಿಯನ್ನು ಪಕ್ಕಕ್ಕೆ ಕರೆದ.

"ನನಗ ನಿಮ್ಮ ಮ್ಯಾಲ ಸಿಟ್ಟಿಲ್ಲ ತಂಗಿ. ಆದ್ರ ನಮ್ಮಪ್ಪ ನನಗ ಕಲಿಸಿದ್ದು ಬ್ಯಾರೆ. ಹೆಣ್ಣಮಕ್ಕಳ ಕೈಯಿಂದ ಕರ್ತನ ಭೋಜನ ನಾ ತಗೊಳ್ಳಂಗಿಲ್ಲ."

"ಆಗಲಿ ಅಪ್ಪಾರ. ಚರ್ಚಿಗೆ ಬರೂದು ಮಾತ್ರ ಬಿಡಬ್ಯಾಡ್ರಿ."

ಅವನು ಬಿಡಲಿಲ್ಲ. ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆರೆದು ಕಸ ಹೊಡೆಯುತ್ತಿದ್ದ, ಗಂಟೆ ಬಾರಿಸುತ್ತಿದ್ದ. ಕೀರ್ತನೆ ಹಾಡುವಾಗ ಅವನ ದನಿಯೇ ಮುಂದು. ಯೇಸುವಿನ ನೆನಪಿಗೆ ರೊಟ್ಟಿ ಮುರಿದು ದ್ರಾಕ್ಷಾರಸ ಹಂಚುವ ಆ ಭೋಜನದ ಹೊತ್ತಿಗೆ ಮಾತ್ರ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ. ಅವನ ಹೆಂಡತಿ ಮಾರ್ತವ್ವ ಸೆರಗು ಹೊದ್ದು ಮುಂದೆ ಬಂದು ಮೊಣಕಾಲೂರುತ್ತಿದ್ದಳು. ಜಯಶೀಲನಿಗೆ ಇದು ನುಂಗಲಾರದ ತುತ್ತು. "ಒಮ್ಮೆರ ಖಡಕ್ ಆಗಿ ಹೇಳಬಾರ್ದೇನು?" ಎಂದು ಕೇಳಿದ್ದ.

"ಹೇಳಿದ್ರ ಬೇವಿನ ಗಿಡದ ಬುಡಕ್ಕ ನಿಂದ್ರೂದೂ ಬಿಡ್ತಾರ" ಎಂದಿದ್ದಳು ದಯಾಮಣಿ. ಹಾಗೆಂದು ನೋವಾಗುತ್ತಿರಲಿಲ್ಲ ಎಂದಲ್ಲ. ಹಾನಗಲ್ಲಿನಿಂದ ಬರುವಾಗ ಬಸ್ಸಿನ ಕಿಟಕಿಗೆ ತಲೆಯೊರಗಿಸಿ ಅವಳು ಕಣ್ಣು ಮುಚ್ಚುತ್ತಿದ್ದಳು.

ಆ ಮಳೆಗಾಲದಲ್ಲಿ ಮಾರ್ತವ್ವ ಅಂಗಳದಲ್ಲಿ ಜಾರಿ ಬಿದ್ದು ಟೊಂಕದ ಎಲುಬು ಮುರಿದುಕೊಂಡಳು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ವಾಕರ್ ಹಿಡಿದು ದಿನಾ ನಡೆಯಬೇಕೆಂದು ಹೇಳಿ ಮನೆಗೆ ಕಳಿಸಿದರು. ಆದರೆ ಮನೆಗೆ ಬಂದವಳು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟಳು. ನಡೆಯಲೊಲ್ಲಳು, ಉಣ್ಣಲೊಲ್ಲಳು. ಗಂಜಿ ಮಾಡಿಕೊಟ್ಟರೆ ಎರಡು ಚಮಚೆಗೆ ಸಾಕೆನ್ನುತ್ತಿದ್ದಳು.

ದಯಾಮಣಿ ಬುಧವಾರ ನೋಡಲು ಹೋದಳು. ಸಾಮುವೇಲಪ್ಪ ಬಾಗಿಲಲ್ಲೇ ಸಿಕ್ಕ. ಗಡ್ಡ ಬೆಳೆದಿತ್ತು.

"ಆಕಿ ಏನೂ ಮುಟ್ಟವಲ್ಲಳು. ಚಹಾನೂ ಬ್ಯಾಡಂತಾಳ. ನಾ ಏನ್ ಮಾಡ್ಲಿ?"

ದಯಾಮಣಿ ಮಂಚದ ಪಕ್ಕ ಕೂತು ಬೈಬಲಿನ ಒಂದು ಕೀರ್ತನೆ ಓದಿದಳು, ಪ್ರಾರ್ಥಿಸಿದಳು. ಮಾರ್ತವ್ವ ತಿರುಗಲಿಲ್ಲ. ಬೆಳಗಿನಿಂದ ಎರಡು ಮನೆ ಸುತ್ತಿದ್ದ ದಯಾಮಣಿಗೆ ಊಟವೇ ಆಗಿರಲಿಲ್ಲ, ತಲೆ ಸಿಡಿಯುತ್ತಿತ್ತು. ಚೀಲದಿಂದ ಫ್ಲಾಸ್ಕು ತೆಗೆದು ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಂಡಳು.

ಮಂಚದ ಮೇಲೆ ಮೈ ಅಲುಗಿತು. "ಅದೇನ್ ವಾಸನಿ?"

"ಕಾಫಿ, ಅವ್ವಾ."

"ಬೆಲ್ಲದ್ದೇನು?"

"ಅಲ್ರಿ, ಸಕ್ಕರಿದು. ಕುಡೀತೀರೇನು?"

ಮಾರ್ತವ್ವ ಈ ಕಡೆ ಹೊರಳಿ ಕೈ ಚಾಚಿದಳು. ಒರಗು ದಿಂಬಿಗೆ ಬೆನ್ನು ಕೊಟ್ಟು, ಒಂದೊಂದೇ ಗುಟುಕು ಬಾಯಲ್ಲಿ ಇಟ್ಟುಕೊಂಡು ಕುಡಿದಳು. ಕುಡಿಯುತ್ತಲೇ ಮಾತು ಬಂತು.

"ಸಣ್ಣಾಕಿದ್ದಾಗ ನಮ್ಮಪ್ಪ ನಮ್ಮವ್ವ ಕಾಫಿ ತ್ವಾಟದ ಕೆಲಸಕ್ಕ ಘಟ್ಟಕ್ಕ ಹೊಕ್ಕಿದ್ರು. ನನ್ನನ್ನೂ ಕರ್ಕೊಂಡು ಹೊಕ್ಕಿದ್ರು. ಹಣ್ಣು ಬಿಡಿಸಿ ಬಿಡಿಸಿ ಬೆರಳು ಅಂಟಂಟ ಆಗ್ತಿದ್ವು. ಮುಂಜಾನೆ ಥಂಡ್ಯಾಗ ನಮ್ಮವ್ವ ಬೆಲ್ಲ ಹಾಕಿ ಕಾಫಿ ಕಾಸ್ತಿದ್ಲು. ಹಾಲು ಇರ್ತಿರಲಿಲ್ಲ. ಒಂದ ಗಿಂಡ್ಯಾಗ ಎಲ್ಲಾರೂ ಕುಡೀತಿದ್ವಿ."

ಬಾಗಿಲ ಚೌಕಟ್ಟಿಗೆ ಒರಗಿದ್ದ ಸಾಮುವೇಲಪ್ಪ ಬೆರಗಾಗಿ ನಿಂತಿದ್ದ. "ಇಷ್ಟ ವರ್ಷ ಬಾಳೇ ಮಾಡಿದಿ. ಕಾಫಿ ಸೇರತೈತಿ ಅಂತ ಒಂದ ದಿನರ ಹೇಳಿದ್ಯೇನು?"

"ನೀವು ಒಂದ ದಿನರ ಕೇಳಿದ್ರೇನು?" ಎಂದಳು ಮಾರ್ತವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಖಾಲಿಯಾದ ಮುಚ್ಚಳವನ್ನು ಮತ್ತೆ ದಯಾಮಣಿಯ ಮುಂದೆ ಹಿಡಿದಳು. ಸಾಮುವೇಲಪ್ಪ ಹಿತ್ತಲಿಗೆ ಹೋದವನು ದಯಾಮಣಿ ಹೊರಡುವವರೆಗೂ ಒಳಗೆ ಬರಲಿಲ್ಲ.

ಅದೇ ಶನಿವಾರ ಅವನು ಹಿರೇಕೆರೂರಿನ ಮನೆಯ ಬಾಗಿಲಿಗೆ ಬಂದ. ಕ್ಷೌರ ಮಾಡಿಸಿಕೊಂಡಿದ್ದ. ಕೈಯಲ್ಲಿ ಪಾತ್ರೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರಲ್ಲಿ ಹೊಸ ಸ್ಟೀಲ್ ಫಿಲ್ಟರ್.

"ವಾರಕ್ಕೊಮ್ಮೆ ನೀವು ತಂದು ಕೊಟ್ರ ಆಕಿಗೆ ಸಾಲೂದಿಲ್ಲ ತಂಗಿ. ಮಾಡೂದು ನನಗ ಕಲಸ್ರಿ."

ಮನೆ ಆಗ ಸಂತೆಯಾಗಿತ್ತು. ಕೀರ್ತನಾ ಸಮಾಜ ವಿಜ್ಞಾನವನ್ನು ಗಟ್ಟಿಯಾಗಿ ಓದುತ್ತಿದ್ದಳು. ಸ್ಫೂರ್ತಿ ಅಲುಗುವ ಹಲ್ಲು ಹಿಡಿದುಕೊಂಡು ಅಳುತ್ತಿದ್ದಳು. ಜಯಶೀಲ ಅಂಗಳದಲ್ಲಿ ಬೈಕು ಬಿಚ್ಚಿ ಹಾಕಿದ್ದ. ದಯಾಮಣಿ ಒಲೆಯ ಮುಂದೆ ಇನ್ನೊಂದು ಸ್ಟೂಲು ಎಳೆದು, ಬೀಜ ಹುರಿಯುತ್ತಿದ್ದ ಸೌಟನ್ನು ಅವನ ಕೈಗೆ ಕೊಟ್ಟಳು.

"ಕೈಯಾಡಿಸ್ಕೋತ ಇರ್ರಿ ಅಪ್ಪಾರ. ನಿಲ್ಲಿಸಬ್ಯಾಡ್ರಿ."

ಆಗಲೇ ಶಿಗ್ಗಾವಿಯಿಂದ ಫೋನು ಬಂತು. ಗಂಡ ಹೊಡೆದನೆಂದು ತವರಿಗೆ ಹೊರಟು ಬಸ್ ಸ್ಟ್ಯಾಂಡಿನಲ್ಲಿ ಕೂತ ಒಬ್ಬ ಹೆಣ್ಣುಮಗಳು. ದಯಾಮಣಿ ಕಿಟಕಿಯ ಹತ್ತಿರ ಹೋಗಿ ಕೇಳಿಸಿಕೊಂಡಳು. ಬಹಳ ಹೊತ್ತು ಕೇಳಿಸಿಕೊಂಡಳು. ಕೊನೆಗೆ, "ನೀ ಮೊದಲು ತವರಮನಿಗೆ ಹೋಗಿ ಮುಟ್ಟು. ಹೊಡಿಸಿಕೊಂಡು ಇರು ಅಂತ ನಾ ಯಾವತ್ತೂ ಹೇಳಂಗಿಲ್ಲ. ಸೋಮವಾರ ನಾ ಬರ್ತೇನಿ, ಅವನ ಜೋಡಿ ನಾ ಮಾತಾಡ್ತೇನಿ" ಎಂದಳು. ತಿರುಗಿ ನೋಡಿದರೆ ಸಾಮುವೇಲಪ್ಪನ ಕೈ ನಿಂತಿತ್ತು, ಬಾಣಲಿಯಿಂದ ಹೊಗೆ ಏಳುತ್ತಿತ್ತು.

"ಅಯ್ಯ, ಸೀದು ಹ್ವಾದ್ವಲ್ರಿ!"

"ನಿಮ್ಮ ಮಾತು ಕೇಳಾಕತ್ತಿದ್ನಿ" ಎಂದ ಅವನು, ಸಣ್ಣ ದನಿಯಲ್ಲಿ.

ಎರಡನೆಯ ಸಲ ಹುರಿಯುವಾಗ ಆಕೆ ಕೇಳಿದಳು, "ಹುಲ್ಲಿನಾಗ ಅಡಿ ಹಾಕಿದ ಮಾವಿನಕಾಯಿ ಹಣ್ಣಾಗ್ಯಾವು ಅಂತ ನಿಮಗ ಹೆಂಗ ಗೊತ್ತಾಗತೈತ್ರಿ?"

"ಖೋಲಿ ಬಾಗಲಾ ತಗದ್ರ ಸಾಕು, ವಾಸನಿಗೆ ಗೊತ್ತಾಗತೈತಿ."

"ಇದೂ ಅಷ್ಟ ರೀ. ಕಣ್ಣು ಮುಚ್ಚಿ ಮೂಗಿನ ಮಾತು ಕೇಳ್ರಿ."

ಅವನು ನಿಜವಾಗಿಯೂ ಕಣ್ಣು ಮುಚ್ಚಿದ. ಸರಿಯಾದ ಗಳಿಗೆಗೆ "ಈಗ!" ಎಂದು ತಾನೇ ಬಾಣಲಿ ಇಳಿಸಿದ. ಬೀಜ ಆರಿದ ಮೇಲೆ ಪುಡಿ ಮಾಡುವುದು, ಮೊದಲು ಚೂರೇ ಬಿಸಿನೀರು ಹಾಕಿ ಪುಡಿ ನೆನೆಯಲು ಬಿಡುವುದು, ಆಮೇಲೆ ನಿಧಾನವಾಗಿ ಉಳಿದದ್ದು ಹಾಕುವುದು, ಇಳಿಯಲಿಲ್ಲವೆಂದು ಫಿಲ್ಟರನ್ನು ಕುಟ್ಟದಿರುವುದು, ಎಲ್ಲ ಕಲಿತ. ಡಿಕಾಕ್ಷನ್ ಇಳಿಯುತ್ತಿರುವಾಗ ಸ್ಫೂರ್ತಿಯ ಹಲ್ಲು ಅವನ ಕೈಯಲ್ಲೇ ಬಂತು. ದಯಾಮಣಿ ಅಷ್ಟರಲ್ಲಿ ಕೀರ್ತನಾಳ ಪಾಠ ಕೇಳಿ, ಅನ್ನಕ್ಕಿಟ್ಟು, ಮುಂದೆ ಸವಣೂರಿನಲ್ಲಿ ನಡೆಯಬೇಕಿದ್ದ ಮದುವೆಯವರಿಗೆ ಯಾವ ಹಾಡುಗಳೆಂದು ಫೋನಿನಲ್ಲಿ ಹೇಳಿ ಮುಗಿಸಿದ್ದಳು.

"ಇಷ್ಟೆಲ್ಲಾ ನೀವು ಹೆಂಗ ಮಾಡ್ತೀರಿ?" ಅವನು ಕೇಳಿದ.

"ಮುಂಜಾನೆ ಒಂದು ಕಪ್ ಒಳಗ ಹ್ವಾದಮ್ಯಾಲ ಎಲ್ಲಾ ಆಗತೈತ್ರಿ."

ಅಂಗಳದಿಂದ ಜಯಶೀಲ ಕೂಗಿದ, "ಅದಕ್ಕೂ ಮೊದಲು ಮಾತಾಡಸಬಾರ್ದು, ಅಷ್ಟ!"

ಸಾಮುವೇಲಪ್ಪ ಆ ಮನೆಯಲ್ಲಿ ಮೊದಲ ಸಲ ನಕ್ಕ.

ಮನೆಯಲ್ಲಿ ಅವನು ಮಾಡಿದ ಮೊದಲ ಕಾಫಿಯನ್ನು ಕುಡಿದು ಮಾರ್ತವ್ವ, "ಕೆಮ್ಮಿನ ಔಷಧ ಇದ್ದಂಗೈತಿ" ಎಂದಳಂತೆ. ಮರುದಿನದ್ದು ನೀರು. ಅವನು ಸೋಲಲಿಲ್ಲ. ಬೆಳಿಗ್ಗೆ ಎಮ್ಮೆಯ ಹಾಲು ಕರೆದು ತಂದವನೇ ಒಲೆಯ ಮುಂದೆ ಕೂರುತ್ತಿದ್ದ, ಸಂದೇಹ ಬಂದರೆ ದಯಾಮಣಿಗೆ ಫೋನು ಹಚ್ಚುತ್ತಿದ್ದ. ಒಂದು ಬೆಳಿಗ್ಗೆ ಮಾರ್ತವ್ವ ಏನೂ ಹೇಳದೆ ಲೋಟ ಬರಿದು ಮಾಡಿ, ಜತೆಗೆ ಒಂದು ರೊಟ್ಟಿ ಕೇಳಿದಳು. ಮಾರನೆಯ ದಿನದಿಂದ ಅವನು ಲೋಟವನ್ನು ಮಂಚದ ಹತ್ತಿರ ತರುವುದನ್ನೇ ನಿಲ್ಲಿಸಿದ.

"ಕಾಫಿ ಪಡಸಾಲ್ಯಾಗೈತಿ. ಬೇಕಾದ್ರ ನೀನ ಬಾ" ಎಂದ.

ಮಾರ್ತವ್ವ ಬೈದಳು, ಅತ್ತಳು, ಕೊನೆಗೆ ವಾಕರ್ ಹಿಡಿದಳು. ಪಡಸಾಲೆಯಿಂದ ಕಟ್ಟೆಗೆ, ಕಟ್ಟೆಯಿಂದ ಅಂಗಳಕ್ಕೆ, ಕಾಫಿ ದಿನದಿನಕ್ಕೆ ದೂರ ಸರಿಯಿತು. ಅವಳೂ ಅದರ ಹಿಂದೆ ಸರಿದಳು. ಈ ಉಪಾಯ ಕೇಳಿ ದಯಾಮಣಿ, "ಇದನ್ನ ನಾ ಕಲಿಸಿಲ್ರಿ ಅಪ್ಪಾರ. ಇದು ನಿಮ್ಮ ತಲಿಯಾಗಿಂದ" ಎಂದು ಮನಸಾರೆ ಹೊಗಳಿದಳು. ಅವನು ನಾಚಿಕೊಂಡ.

ಚರ್ಚಿನ ತನಕ ಬರುವಷ್ಟು ಶಕ್ತಿ ಮಾರ್ತವ್ವನಿಗೆ ಇನ್ನೂ ಬಂದಿರಲಿಲ್ಲ. ಕರ್ತನ ಭೋಜನವಿಲ್ಲದೆ ಬಹಳ ದಿನವಾಯಿತೆಂದು ಕೊರಗುತ್ತಿದ್ದಳು. ಸವಣೂರಿನ ಮದುವೆಯ ದಿನ ಬೆಳಿಗ್ಗೆ ಮೊದಲು ಹಾನಗಲ್ಲಿಗೆ ಬಂದು ಹೋಗುವುದೆಂದು ದಯಾಮಣಿ ಗೊತ್ತುಮಾಡಿದಳು. ಜಯಶೀಲನಿಗೆ ವಾರದ ರಜೆ, ಬೈಕಿನಲ್ಲಿ ಕರೆತಂದ. ಮಕ್ಕಳು ಸಭೆಯವರ ಜತೆ ನೇರವಾಗಿ ಸವಣೂರಿನ ಬಸ್ಸು ಹತ್ತಿದ್ದರು.

ಸಣ್ಣ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ದಯಾಮಣಿ ರೊಟ್ಟಿಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ ಇಟ್ಟಳು. ಕುರ್ಚಿಯಲ್ಲಿ ಕೂತ ಮಾರ್ತವ್ವ ಸೆರಗು ಹೊದ್ದಳು. ಸಾಮುವೇಲಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ, ಹೊಸ್ತಿಲವರೆಗೆ ಹೋದ. ದಯಾಮಣಿ ತಲೆಯೆತ್ತಿ ನೋಡಲಿಲ್ಲ. ಪ್ರಾರ್ಥನೆ ಮುಗಿಸಿ ರೊಟ್ಟಿ ಮುರಿದು ಮಾರ್ತವ್ವನಿಗೆ ಕೊಟ್ಟಳು, ಪಾತ್ರೆ ಕೊಟ್ಟಳು. ಬಟ್ಟೆ ಮಡಚಲು ಕೈ ಹಾಕಿದಾಗ ಹಿಂದಿನಿಂದ ದನಿ ಬಂತು.

"ತಡೀರಿ ಅಯ್ನೋರ."

ಅವನು ಹೊಸ್ತಿಲು ದಾಟಿರಲಿಲ್ಲ. ತಿರುಗಿ ಬಂದು, ಮಂಚದ ಕಾಲು ಹಿಡಿದು, ಕಷ್ಟಪಟ್ಟು ಮೊಣಕಾಲೂರಿ ಎರಡೂ ಕೈ ಒಡ್ಡಿದ. ಸಾವಿರ ಸಲ ಹೇಳಿದ ಮಾತನ್ನು ದಯಾಮಣಿ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದಳು. ರೊಟ್ಟಿ ಕೊಟ್ಟಳು, ಪಾತ್ರೆ ಕೊಟ್ಟಳು. ಮಾರ್ತವ್ವ ಗಂಡನ ತಲೆಯ ಮೇಲೆ ಕೈಯಿಟ್ಟಳು. ಬಾಗಿಲ ಹೊರಗೆ ಜಯಶೀಲ ಬೈಕಿನ ಕನ್ನಡಿಯನ್ನು ಸುಮ್ಮಸುಮ್ಮನೆ ಒರೆಸುತ್ತಿದ್ದ.

ಸಾಮುವೇಲಪ್ಪ ಏಳುತ್ತಲೇ, "ಕಾಫಿ ಇಡ್ತೇನಿ, ಕುಂದರ್ರಿ" ಎಂದ.

"ಹೊತ್ತಾಗೇತ್ರಿ ಅಪ್ಪಾರ, ಸವಣೂರಾಗ ಮದವಿ."

"ಯೇಸುಸ್ವಾಮಿ ಹ್ವಾದ ಕಾನಾ ಊರ ಮದವ್ಯಾಗ ದ್ರಾಕ್ಷಾರಸಕ್ಕ ಜನ ಕಾಯ್ಲಿಲ್ಲೇನು? ಸವಣೂರವ್ರೂ ಚೂರು ಕಾಯ್ಲಿ."

ದಯಾಮಣಿ ನಗುತ್ತ ಕೂತಳು. ಕೈಯಲ್ಲಿ ಫೋನಿಲ್ಲದೆ, ಯಾರಿಗೂ ಏನನ್ನೂ ಬಡಿಸದೆ, ಬೇರೆಯವರು ಮಾಡುವ ಕಾಫಿಗಾಗಿ ಅವಳು ಹಾಗೆ ಕೂತು ಎಷ್ಟೋ ಕಾಲವಾಗಿತ್ತು. ಲೋಟ ಬಂತು, ಮೇಲೆ ದಪ್ಪ ನೊರೆ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು.

"ಹೆಂಗಾಗೇತಿ? ಖರೇ ಹೇಳ್ರಿ."

"ಬಾಳ ಚಲೋ ಆಗೇತ್ರಿ. ಹಾಲು ಮಾತ್ರ ಒಂದು ಕುದಿ ಹೆಚ್ಚಾಗೇತಿ."

"ಹ್ವಾದ ವಾರ ನಿಮ್ಮ ಪ್ರಸಂಗಾನೂ ಹೆಚ್ಚಾಗಿತ್ತು" ಎಂದ ಸಾಮುವೇಲಪ್ಪ. ಮಾರ್ತವ್ವನಿಗೆ ನಗು ತಡೆಯದೆ ಕೆಮ್ಮು ಬಂತು.

ಬೈಕು ಶಿಗ್ಗಾವಿ ದಾಟಿ ಸವಣೂರಿಗೆ ಓಡಿತು. ಚರ್ಚಿನ ಗೇಟಿನಲ್ಲಿ ಕೀರ್ತನಾ ಇಸ್ತ್ರಿ ಮಾಡಿದ ಬಿಳಿ ನಿಲುವಂಗಿಯನ್ನು ತೋಳ ಮೇಲೆ ಹಾಕಿಕೊಂಡು ಕಾಯುತ್ತಿದ್ದಳು, ಸ್ಫೂರ್ತಿಯ ಕೈಯಲ್ಲಿ ಬಾಚಣಿಗೆ. ಮದುಮಗಳ ತಾಯಿ ಗಾಬರಿಯಿಂದ ಓಡಿ ಬಂದಳು. ಮಕ್ಕಳಿಬ್ಬರೂ ಗೋಡೆಯ ಮರೆಯಲ್ಲಿ ಅವ್ವನ ಗಾಳಿಗೆ ಕೆದರಿದ ಕೂದಲು ಬಾಚಿ, ನಿಲುವಂಗಿ ತೊಡಿಸಿ, ಧೂಳು ಒರೆಸಿದರು.

"ಅವ್ವಾ, ಕಣ್ಣು ಯಾಕ ಕೆಂಪಾಗ್ಯಾವು?" ಕೀರ್ತನಾ ಕೇಳಿದಳು.

"ಆಮ್ಯಾಲ ಹೇಳ್ತೇನಿ" ಎಂದು ದಯಾಮಣಿ ಮಗಳ ಕೆನ್ನೆ ತಟ್ಟಿದಳು. ಒಳಗೆ ಹಾರ್ಮೋನಿಯಂ ಶುರುವಾಗಿತ್ತು. ಬಾಗಿಲಲ್ಲಿ ನಡುಗುತ್ತ ನಿಂತಿದ್ದ ಮದುಮಗಳ ಪಕ್ಕಕ್ಕೆ ಹೋಗಿ, "ಹೆದರಬ್ಯಾಡ ಮಗಳ, ನಾ ಬಂದೇನಿ" ಎಂದು ಅವಳೊಂದಿಗೆ ಒಳಗೆ ನಡೆದಳು.