ಗಡ್ಡೆಯ ಲಕ್ಕಿ

“ಯಾರು ಅಗದಿದ್ದು ಇದನ್ನ?” ಎಂದು ಪ್ರಭಂಜನಾಚಾರ್ಯರು ಕೂಗಿದರು. ಹೊಳೆ ನಡುವಿನ ಗಡ್ಡೆಯ ಆ ತುದಿಯಲ್ಲಿ ಯಾರೂ ಇರಲಿಲ್ಲ. ಗಿಡವಿದ್ದ ಕಡೆ ಬರೀ ಹಸಿ ಗುಂಡಿಯಿತ್ತು.

ಹೊಸಪೇಟೆಯ ಹೈಸ್ಕೂಲಿನ ಈ ಮೇಷ್ಟರಿಗೆ ಹಂಪಿಗೆ ಬಂದರೆ ಗುಡಿ ಕಾಣುತ್ತಿರಲಿಲ್ಲ, ಗಿಡ ಕಾಣುತ್ತಿತ್ತು. ಊರೆಲ್ಲ ಲಕ್ಕಿ ಎನ್ನುವ ಈ ಗಡ್ಡೆಯ ಗಿಡ ಲಕ್ಕಿಯ ಕುಟುಂಬದ್ದೇ ಆದರೂ ಬೇರೆಯೇ ಜಾತಿ ಎಂದು ವರ್ಷಗಟ್ಟಲೆ ಹಟ ಹಿಡಿದಿದ್ದರು. ಆ ಕುಟುಂಬವನ್ನು ಹೊಸದಾಗಿ ವಿಂಗಡಿಸುತ್ತಿದ್ದ ಮದರಾಸಿನ ವಿದ್ವಾಂಸರು ನಕ್ಕು, ಹೂವು ತೋರಿಸಿದರೆ ನಂಬುತ್ತೇವೆ ಎಂದಿದ್ದರು. ಹೋದ ವರ್ಷದ ಪ್ರವಾಹದಲ್ಲಿ ಉಳಿದದ್ದು ಈ ಒಂದೇ ಗಿಡ. ಮೊನ್ನೆಯಷ್ಟೇ ಮೊಗ್ಗು ಬಿಟ್ಟಿತ್ತು.

ಕಾವಲಿಗೆಂದು ಹೇಳಿಟ್ಟಿದ್ದ ಹರಿಗೋಲಿನ ಹುಲುಗಪ್ಪನ ಗುಡಿಸಲು ಗಡ್ಡೆಯ ಇನ್ನೊಂದು ತುದಿಗಿತ್ತು. ಆಚಾರ್ಯರು ಓಡಿದರು. ಹುಲುಗಪ್ಪ ಬಾಗಿಲಲ್ಲೇ ಎದುರಾದ.

“ಬರ್ರಿ ಮೇಷ್ಟ್ರ. ನನ ಮಗಳು ಹೊಳೆಮ್ಮ ಹಡದಾಳ್ರಿ. ಬಾಣಂತಿಗೆ ಭಾಳ ನಡುಕ. ಅದಕ್ಕ ನಿಮ್ ಗಿಡ ತಂದು ಮೈ ತೊಳಿಯೋ ನೀರಿಗೆ ಹಾಕೀವ್ರಿ.”

“ಹೊಳಿ ದಂಡಿ ತುಂಬ ಲಕ್ಕಿ ಐತಲ್ಲೋ! ಇದನ್ಯಾಕ ಅಗದಿ?”

“ನೀವೇ ಹೇಳಿದ್ರಲ್ರಿ, ಇದು ಬರೇ ಲಕ್ಕಿ ಅಲ್ಲ, ಇಂಥಾದ್ದು ಲೋಕದಾಗ ಇನ್ನೊಂದಿಲ್ಲ ಅಂತ.”

ಗುಡಿಸಲ ಹಿಂದೆ ಗಡಿಗೆ ಕುದಿಯುತ್ತಿತ್ತು. ಆಚಾರ್ಯರು ಹಿಂದೆಮುಂದೆ ನೋಡದೆ ಕೈ ಹಾಕಿದರು. ಸುಟ್ಟ ಬೆರಳಿಗೆ ಬಂದದ್ದು ಬೆಂದ ಸೊಪ್ಪು. ಅದರಲ್ಲಿ ಹೂ ಯಾವುದು, ಎಲೆ ಯಾವುದು ತಿಳಿಯುವಂತಿರಲಿಲ್ಲ. ಅವರಿಗೆ ಅಳು ಬಂತು.

ಅದನ್ನು ನೋಡಿ ಹುಲುಗಪ್ಪನ ಹೆಂಡತಿ ಸುಂಕಮ್ಮನ ಜೀವ ಬಾಯಿಗೆ ಬಂತು.

“ಯಾಕ್ರಿ? ಲಕ್ಕಿ ಅಲ್ಲಂದ್ರ ಇದರಾಗ ವಿಷ ಏನಾರ ಐತೇನ್ರಿ? ಮುಂಜಾನಿ ಇದರ ಬೇರಿನ ಕಷಾಯ ಕುಡಿಸೀನ್ರಿ!”

ಆಚಾರ್ಯರಿಗೆ ಗೊತ್ತಿರಲಿಲ್ಲ. ಮದರಾಸಿನವರಿಗೂ ಗೊತ್ತಿರಲಿಲ್ಲ. ಒಳಗೆ ಹೊಳೆಮ್ಮನ ನರಳಾಟ ನಿಂತಿತು. ಅವಳೂ ಕೇಳಿಸಿಕೊಳ್ಳುತ್ತಿದ್ದಳು.

“ಇಲ್ಲವ್ವ,” ಎಂದರು. “ಲಕ್ಕಿನೇ ಇದು. ನಾನೇ ತಪ್ಪು ತಿಳಕೊಂಡಿದ್ದೆ.”

“ಖರೇನ್ರಿ?”

“ಖರೇ. ನಮ್ಮನ್ಯಾಗೂ ಬಾಣಂತ್ಯಾರಿಗೆ ಇದನ್ನ ಕುಡಸ್ತಾರ.”

ಸುಂಕಮ್ಮ ನಿಟ್ಟುಸಿರುಬಿಟ್ಟಳು. “ಹಂಗಾರ ಇನ್ನೊಂದು ಬಟ್ಲ ಉಳದೈತ್ರಿ. ಕುಡಿಸಿ ಬರ್ತೀನಿ.”

“ಬ್ಯಾಡ! ಇತ್ತ ಕೊಡು. ನನಗೂ ಮೈ ನಡುಗ್ತೈತಿ.”

“ಅಯ್ಯ, ಆಚಾರ್ರು ನೀವು, ನಮ್ಮ ಬಟ್ಲದಾಗ...”

ಅವಳ ಮಾತು ಮುಗಿಯುವಷ್ಟರಲ್ಲಿ ಬಟ್ಟಲು ಬರಿದಾಗಿತ್ತು. ಆಚಾರ್ಯರು ಬಾಯಿ ಒರೆಸಿಕೊಂಡು ಬಾಗಿಲ ಪಕ್ಕ ಕುಳಿತರು. ಒಳಗಿನ ಉಸಿರಾಟಕ್ಕೆ ಕಿವಿಗೊಟ್ಟು, ತಮ್ಮ ನಾಡಿಯ ಮೇಲೆ ತಾವೇ ಬೆರಳಿಟ್ಟುಕೊಂಡರು.