ಮೈಕಮ್ಮನ ದನಿ

ಬಸ್ ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ಮೈಕಮ್ಮ ಎಂದೇ ಕರೆಯುತ್ತಿದ್ದರು. ಯಾವ ಬಸ್ಸು ಯಾವ ಪ್ಲಾಟ್‌ಫಾರಂನಿಂದ ಹೊರಡುತ್ತದೆ ಎಂದು ಗಾಜಿನ ಗೂಡಿನೊಳಗೆ ಕೂತು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಸ್ವಲ್ಪ ಭಾರವಾದ, ಬೆಚ್ಚಗಿನ ದನಿ. ಆದರೆ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಯಾರೋ ಒಬ್ಬರು ಗಾಜು ತಟ್ಟಿ, ಈಗಷ್ಟೇ ಹೇಳಿದ ಬಸ್ಸು ಎಲ್ಲಿ ಬರುತ್ತದೆ ಎಂದು ಕೇಳುತ್ತಿದ್ದರು.

"ಗೋಡೆಗೆ ಹೇಳಿದ್ರೆ ಗೋಡೆನಾದ್ರೂ ಹೂಂ ಅಂತಿತ್ತು," ಎಂದು ಗಂಡನ ಮುಂದೆ ನಗುತ್ತಿದ್ದಳು.

ಅವಳ ಚಿಕ್ಕಮ್ಮನ ಮಗಳು ಹೆರಿಗೆ ಆಸ್ಪತ್ರೆಯಲ್ಲಿ ಡಾಕ್ಟರು. ಅಲ್ಲಿಯವರು ಬಸುರಿಯರ, ಬಾಣಂತಿಯರ ಮೊಬೈಲಿಗೆ ವಾರವಾರ ಮೆಸೇಜು ಕಳಿಸುತ್ತಿದ್ದರು. ಕಾಲು ಊದಿಕೊಂಡರೆ ಯಾವಾಗ ಹೆದರಬೇಕು, ಯಾವ ನೋವಿಗೆ ತಡಮಾಡದೆ ಓಡಿಬರಬೇಕು, ಎದೆಯಲ್ಲಿ ಹಾಲು ಕಟ್ಟಿಕೊಂಡರೆ ಏನು ಮಾಡಬೇಕು, ಇಂಥವೇ. ಆದರೆ ಓದಲು ಬಾರದವರು ಬಹಳ ಮಂದಿ; ಬರುವವರಿಗೆ ಪುರಸೊತ್ತಿಲ್ಲ. ಡಾಕ್ಟರು ಒಂದು ದಿನ ಮೈಕಮ್ಮನ ಅಡುಗೆಮನೆಗೆ ಬಂದು ಕೂತಳು.

"ಅಕ್ಕ, ನಿನ್ನ ದನಿ ಬೇಕು ನನಗೆ."

"ತಗೊಂಡು ಹೋಗು. ಇಲ್ಲಿ ಯಾರಿಗೂ ಬೇಕಾಗಿಲ್ಲ."

"ತಮಾಷೆ ಅಲ್ಲ. ಪಕ್ಕದಲ್ಲಿ ಕೂತು ಅಕ್ಕನೋ ಅತ್ತಿಗೆನೋ ಹೇಳಿದ ಹಾಗಿರಬೇಕು. ನಾನು ಹೇಳಿದ್ರೆ ಬೈದ ಹಾಗಿರುತ್ತೆ ಅಂತ ನರ್ಸುಗಳೆಲ್ಲ ನಗ್ತಾರೆ."

ಮೈಕಮ್ಮ ಒಪ್ಪಿದಳು. ರಜೆ ಸಿಕ್ಕಾಗ ಆಸ್ಪತ್ರೆಯ ಔಷಧಿ ಕೋಣೆಯಲ್ಲಿ, ರಟ್ಟಿನ ಪೆಟ್ಟಿಗೆಗಳ ಸಂದಿಯಲ್ಲಿ ಸ್ಟೂಲು ಹಾಕಿಕೊಂಡು ಆ ಮೆಸೇಜುಗಳನ್ನು ಫೋನಿನಲ್ಲಿ ಹೇಳಿ ರೆಕಾರ್ಡು ಮಾಡುತ್ತಿದ್ದಳು. ಮೊದಮೊದಲು ಹಳೆಯ ಚಾಳಿ ಬಿಡಲಿಲ್ಲ. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕಳು: "ಅಕ್ಕ, ಹೆರಿಗೆ ಇನ್ನೇನು ಹೊರಡುತ್ತೆ, ಎಲ್ಲರೂ ಹತ್ತಿಕೊಳ್ಳಿ ಅಂದ ಹಾಗಿದೆ." ಆಮೇಲೆ ಹದ ಸಿಕ್ಕಿತು. ಪ್ರತಿಯೊಂದನ್ನೂ "ನೋಡು ತಂಗಿ" ಎಂದು ಶುರು ಮಾಡಿದ್ದು ಅವಳದೇ ಉಪಾಯ. ಆ ತಂಗಿ ಯಾರು, ಎಲ್ಲಿದ್ದಾಳೆ, ಕೇಳುತ್ತಾಳೋ ಇಲ್ಲವೋ, ಅದೇನೂ ಗೊತ್ತಿಲ್ಲ. ಹೇಳಿ ಮುಗಿಸಿ ಮನೆಗೆ ಹೋಗಿ ಒಲೆ ಮುಂದೆ ನಿಲ್ಲುತ್ತಿದ್ದಳು.

ಹೀಗೇ ಒಂದು ಬೆಳಿಗ್ಗೆ ಕೆಲಸ ಮುಗಿಸಿ, ಹೇಳಿ ಹೋಗೋಣವೆಂದು ಡಾಕ್ಟರನ್ನು ಹುಡುಕಿಕೊಂಡು ಮಹಡಿ ಹತ್ತಿದಳು. ಬಾಣಂತಿಯರ ವಾರ್ಡಿನ ಬಾಗಿಲಲ್ಲೇ ಕೂಸೊಂದು ಕಿರುಚುವುದು ಕೇಳಿಸಿತು. ಕಿಟಕಿ ಪಕ್ಕದ ಮಂಚದಲ್ಲಿ ಹರೆಯದ ತಾಯಿ ಕೂತಿದ್ದಳು, ಕಣ್ಣು ಕೆಂಪಾಗಿ. ಅವಳ ಅತ್ತೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದಳು. ನರ್ಸು ಕೈಚೆಲ್ಲಿ ನಿಂತಿದ್ದಳು.

"ಹಸಿವಿಲ್ಲ, ಜ್ವರ ಇಲ್ಲ, ಬಟ್ಟೆ ಒದ್ದೆಯಾಗಿಲ್ಲ. ಇನ್ನೇನು ಮಾಡೋಣ ಹೇಳಿ."

ಮೈಕಮ್ಮ ನರ್ಸಿನ ಹತ್ತಿರ ಹೋಗಿ, "ನೋಡು ತಂಗಿ, ಡಾಕ್ಟರಮ್ಮ ಎಲ್ಲಿದ್ದಾರೆ?" ಎಂದಳು.

ಅಳು ನಿಂತಿತು.

ಕಾಕತಾಳೀಯ ಇರಬೇಕು. ಕೂಸು ಒಂದು ಉಸಿರು ಎಳೆದುಕೊಂಡು ಮತ್ತೆ ಬಾಯಿ ತೆರೆಯಿತು. "ಯಾಕಮ್ಮ, ಏನಾಯ್ತು ನಿನಗೆ?" ಎಂದು ಮೈಕಮ್ಮ ಸುಮ್ಮನೆ ಕೇಳಿದಳು. ಬಾಯಿ ತೆರೆದಂತೆಯೇ ಉಳಿಯಿತು, ದನಿ ಹೊರಡಲಿಲ್ಲ. ಅಜ್ಜಿಯ ಹೆಗಲ ಮೇಲೆ ಆ ಪುಟ್ಟ ತಲೆ ತಡವರಿಸುತ್ತಾ, ತನ್ನ ಭಾರವನ್ನೇ ಎಳೆದುಕೊಂಡು, ಮೆಲ್ಲಗೆ ಇವಳ ಕಡೆ ಹೊರಳಿತು.

ಮಂಚದ ಮೇಲಿದ್ದ ತಾಯಿ ನೆಟ್ಟಗಾದಳು. ದಿಂಬಿನಡಿಯಿಂದ ಫೋನು ಎಳೆದು ತೋರಿಸಿದಳು, ಮೈಕಮ್ಮನತ್ತ ಬೆರಳು ಮಾಡಿದಳು, ಆಮೇಲೆ ತನ್ನ ಹೊಟ್ಟೆ ಮುಟ್ಟಿಕೊಂಡಳು. ಮತ್ತೆ ಮತ್ತೆ ಅದನ್ನೇ ಮಾಡಿದಳು.

ಅತ್ತೆ ಬಿಟ್ಟ ಕಣ್ಣು ಬಿಟ್ಟಂತೆಯೇ ನಿಂತಿದ್ದಳು. "ಆ ಫೋನಿನ ಅಕ್ಕ ನೀವೇನಾ?"

"ಹೌದು. ಯಾಕೆ?"

"ನಮ್ಮ ಸೊಸೆಗೆ ಕಿವಿ ಕೇಳ್ಸುತ್ತೆ, ಮಾತು ಬರಲ್ಲ. ಹುಟ್ಟಿದಾಗಿಂದ ಹಾಗೇ. ನಾನು, ಮಗ ಇಬ್ಬರೂ ಕೆಲಸಕ್ಕೆ ಹೋದ್ರೆ ಹಗಲೆಲ್ಲ ಮನೇಲಿ ಒಬ್ಬಳೇ. ಹೊಟ್ಟೇಲಿರೋ ಕೂಸಿಗೆ ಈಗ ಕಿವಿ ಕೇಳ್ಸುತ್ತೆ, ಅದರ ಜೊತೆ ಮಾತಾಡು ಅಂತ ಒಂದ್ಸಲ ನಿಮ್ಮ ಮೆಸೇಜು ಬಂತು. ಅವತ್ತು ಊಟ ಬಿಟ್ಟು ಅತ್ತಳು ಇವಳು."

ಆ ಮಾತನ್ನು ಮೈಕಮ್ಮ ಎಷ್ಟು ಅಕ್ಕರೆಯಿಂದ ಹೇಳಿದ್ದಳು.

"ಮಾರನೇ ದಿನ ನೋಡ್ತೀನಿ, ಫೋನನ್ನ ಹೊಟ್ಟೆ ಮೇಲಿಟ್ಕೊಂಡು ಕೂತಿದ್ದಾಳೆ. ನಿಮ್ಮದು ಒಂದು ಮುಗಿದ್ರೆ ಇನ್ನೊಂದು. ಆಮೇಲೆ ದಿನಾ ಅದೇ. ಕಬ್ಬಿಣದ ಮಾತ್ರೆ ಯಾವಾಗ ನುಂಗಬೇಕು ಅಂತ ಈ ಕೂಸಿಗೂ ಬಾಯಿಪಾಠ ಆಗಿರಬೇಕು. ಇಲ್ಲಿಗೆ ಬಂದ ಮೇಲೆ ಫೋನಿನ ಚಾರ್ಜು ಮುಗಿದುಹೋಯ್ತು. ಇದು ಅಳ್ತಿರೋದು ಈ ದನಿಗೇ ಅಂತ ನಮಗೆ ಹೊಳೀಲೇ ಇಲ್ಲ ನೋಡಿ."

ಮಾತು ಮುಗಿಯುವ ಮೊದಲೇ ಅತ್ತೆ ಕೂಸನ್ನು ಮೈಕಮ್ಮನ ಕೈಗಿಟ್ಟಳು. ಮುಷ್ಟಿಯಷ್ಟು ಮುಖ. ಅರೆತೆರೆದ ಕಣ್ಣುಗಳು ಏನನ್ನೂ ಸರಿಯಾಗಿ ಕಾಣುತ್ತಿರಲಿಲ್ಲ, ಆದರೂ ಇವಳ ದನಿಗಾಗಿ ಕಾಯುತ್ತಿದ್ದವು. ಬೆಳಕಿಲ್ಲದ, ಹೆಸರಿಲ್ಲದ ಎಲ್ಲೋ ಒಂದು ಕಡೆ ಈ ಜೀವ ಮೈಕಮ್ಮನನ್ನು ಕೇಳುತ್ತಾ ಬೆಳೆದಿತ್ತು. ಏನು ಹೇಳಬೇಕೋ ತಿಳಿಯದೆ, ನಾಲಿಗೆಗೆ ಬಂದದ್ದನ್ನೇ ಹೇಳಿದಳು: "ನೋಡು ತಂಗಿ, ಕಾಲು ಊದಿಕೊಂಡರೆ ಸುಮ್ಮನಿರಬೇಡ."

ಪಕ್ಕದ ಮಂಚದಿಂದ ಬಾಣಂತಿಯೊಬ್ಬಳು ಮುಂದಿನದನ್ನು ಹೇಳಿದಳು: "ತಲೆನೋವೂ ಇದ್ರೆ ಅವತ್ತೇ ಬಂದುಬಿಡು." ಆಚೆಯ ಸಾಲಿನಲ್ಲಿ ಯಾರೋ ಕಿಲಕಿಲ ನಕ್ಕರು. ಮಂಚ ಮಂಚದಿಂದಲೂ ಮುಖಗಳು ಎದ್ದವು. "ಅದೇ ದನಿ ಕಣೇ," ಎಂದು ಒಬ್ಬಳು ಇನ್ನೊಬ್ಬಳಿಗೆ ಪಿಸುಗುಟ್ಟಿದಳು.

ಕೂಸು ಅಳಲಿಲ್ಲ, ಆದರೆ ಮಲಗಲೂ ಇಲ್ಲ. ಕೇಳುತ್ತಾ, ಇನ್ನೂ ಏನೋ ಬರಬೇಕು ಎಂಬಂತೆ ಎಚ್ಚರವಾಗಿತ್ತು. ಆಗ ತಾಯಿ ಕೈ ಚಾಚಿದಳು. ಎದೆಗೊರಗಿಸಿಕೊಂಡು ಅದರ ಬೆನ್ನಿನ ಮೇಲೆ ಎರಡು ಬೆರಳಿನಿಂದ ತಟ್ಟತೊಡಗಿದಳು. ನಿಧಾನವಾಗಿ ಎರಡು ಸಲ, ಬೇಗ ಒಂದು ಸಲ, ಸ್ವಲ್ಪ ಬಿಟ್ಟು ಮತ್ತೆ ಹಾಗೇ.

"ನಿಮ್ಮ ಮೆಸೇಜು ಮುಗಿದ ಮೇಲೆ ಹೊಟ್ಟೆ ಮೇಲೂ ಹೀಗೇ ತಟ್ಟೋಳು," ಎಂದಳು ಅತ್ತೆ. "ಬೆಳಿಗ್ಗೆಯಿಂದ ತಟ್ಟಿ ನೋಡಿದ್ಲು. ಆ ಅಳುವಿನ ರಭಸಕ್ಕೆ ಅದಕ್ಕೆ ತಾಗ್ಲೇ ಇಲ್ಲ."

ಈಗ ತಾಗಿತು. ಬಿಗಿದ ಮುಷ್ಟಿ ಸಡಿಲವಾಯಿತು. ರೆಪ್ಪೆ ಇಳಿಯಿತು. ಈ ತಾಯಿ ತನ್ನ ಕೂಸಿನ ಜೊತೆ ಮೊದಲಿಂದಲೂ ಮಾತಾಡುತ್ತಲೇ ಇದ್ದಳು ಎಂದು ಮೈಕಮ್ಮನಿಗೆ ಆಗ ಅರ್ಥವಾಯಿತು. ತನ್ನ ದನಿ ಬಾಗಿಲು ತಟ್ಟಿತ್ತಷ್ಟೇ. ಒಳಗೆ ಹೋಗಿ ಕೂತದ್ದು ಈ ಎರಡು ಬೆರಳು.

ತಾಯಿ ಮೈಕಮ್ಮನ ಕೈ ಹಿಡಿದೆಳೆದು ಮಂಚದ ಅಂಚಿಗೆ ಕೂರಿಸಿಕೊಂಡಳು. ಅವಳ ಅಂಗೈಯನ್ನು ಕೂಸಿನ ಬೆನ್ನ ಮೇಲಿಟ್ಟು, ಅದರ ಮೇಲೆಯೇ ತಟ್ಟತೊಡಗಿದಳು. ಮೇಲಿಂದ ಬೆರಳು, ಕೆಳಗಿಂದ ಉಸಿರು, ನಡುವೆ ಮೈಕಮ್ಮನ ಕೈ. ಡಾಕ್ಟರು ಬಾಗಿಲಿಗೆ ಬಂದು "ಅಕ್ಕ" ಎಂದಳು. ಮೈಕಮ್ಮ ತಿರುಗಿ ನೋಡಲೂ ಇಲ್ಲ, ಏಳಲೂ ಇಲ್ಲ.