ಅರ್ಧ ಬಾನೆಟ್ಟು

ಮಾರ್ಗಶಿರದ ಮಂಜು ಇನ್ನೂ ಕರಗಿರಲಿಲ್ಲ. ರಾಗಿ ತೆನೆ ಒದ್ದೆಯಾಗಿತ್ತು. ಒದ್ದೆ ಇರುವಾಗಲೇ ಕೊಯ್ಯಬೇಕು, ಬಿಸಿಲೇರಿದರೆ ಕಾಳು ಉದುರುತ್ತದೆ. ಕದಿರೇಶ ಬಗ್ಗಿದವನು ಬಗ್ಗಿದ ಹಾಗೇ ಕುಡ್ಲು ಆಡಿಸುತ್ತಿದ್ದ. ಹೆಂಡತಿ ಅನಿತ ಹಿಂದಿನಿಂದ ಕೊಯ್ದದ್ದನ್ನು ಅರಿ ಹಾಕುತ್ತಾ ಬರುತ್ತಿದ್ದಳು. ಆಚೆ ಸಾಲಿನಲ್ಲಿ ಪಕ್ಕದ ಹೊಲದ ಮುನೇಶ, ಅವನ ತಾಯಿ ಮುನಿಯಲ್ಲಮ್ಮ.

ಮುಯ್ಯಾಳಿನ ಕೆಲಸ. ಈ ಗುರುವಾರ ಅವರಿಬ್ಬರು ಇವರ ಹೊಲಕ್ಕೆ, ಸೋಮವಾರ ಇವರಿಬ್ಬರು ಅವರ ಹೊಲಕ್ಕೆ. ಆ ಸೀಮೆಯಲ್ಲಿ ಮುಯ್ಯಿಗೆ ಕೂಲಿಯಿಲ್ಲ, ಕಾಗದವಿಲ್ಲ, ಸಾಕ್ಷಿಯಿಲ್ಲ. ಆಳಿಗೆ ಆಳು, ದಿನಕ್ಕೆ ದಿನ. ತೀರಿಸದವನ ಹೊಲಕ್ಕೆ ಮುಂದಿನ ವರ್ಷ ಯಾರೂ ಕಾಲಿಡುವುದಿಲ್ಲ, ಅಷ್ಟೇ.

ಮುನೇಶ ಆಗಲೇ ಎರಡು ಮಾರು ಮುಂದಿದ್ದ. ಅವನ ಕೈಯೇ ಹಾಗೆ. ಎಲ್ಲದರಲ್ಲೂ ಎರಡು ಮಾರು ಮುಂದೆ. ಇಬ್ಬರೂ ಒಂದೇ ಕಡೆ ರೇಷ್ಮೆ ಮೊಟ್ಟೆ ತಂದು ಸಾಕಿದರೂ ಅವನ ಗೂಡಿಗೆ ರೇಟು ಜಾಸ್ತಿ. ನರಸಾಪುರದಲ್ಲಿ ಕಂಪನಿ ಬಸ್ಸು ತೊಳೆಯುವ ಕೆಲಸಕ್ಕೆ ಇಬ್ಬರೂ ಒಂದೇ ದಿನ ಸೇರಿದ್ದರು. ಸೂಪರ್‌ವೈಸರ್ ಇವತ್ತಿಗೂ ಮುನೇಶನನ್ನು ಹೆಸರಿಟ್ಟು ಕರೆಯುತ್ತಾನೆ, ಕದಿರೇಶನನ್ನು ‘ಏಯ್ ಇನ್ನೊಬ್ನೇ’ ಅನ್ನುತ್ತಾನೆ. ಅದು ಕದಿರೇಶನ ಹೊಟ್ಟೆಯಲ್ಲಿ ಅರಗದೆ ಉಳಿದಿತ್ತು.

“ಏನ್ಲಾ, ಶನಿವಾರ ಭಾನುವಾರ ಬಸ್ ತೊಳ್ಯಕ್ಕೆ ಬರ್ತೀಯಾ?” ಮುನೇಶ ತಲೆಯೆತ್ತದೆ ಕೇಳಿದ.

“ಇಲ್ಲ ಕಣೋ. ಹಲ್ಲು ನೋವು. ಕೋಲಾರಕ್ಕೆ ತೋರ್ಸಕ್ಕೆ ಹೋಗ್ತೀನಿ. ನೀನು?”

“ನಾನೂ ಇಲ್ಲ. ಮುಳಬಾಗಿಲಲ್ಲಿ ಅತ್ತೆ ಮನೇಲಿ ಏನೋ ಕಾರ್ಯ.”

ಅನಿತ ಗಂಡನ ಮುಖ ನೋಡಿದಳು. ಅವನ ಹಲ್ಲು ಚೆನ್ನಾಗಿಯೇ ಇದ್ದವು. ಅವನ ಅಂಗಿ ಜೇಬಿನಲ್ಲಿ ಮಡಚಿದ ಒಂದು ಪಾಂಪ್ಲೆಟ್ ಇತ್ತು. ‘ಕಾರು ಡೀಟೇಲಿಂಗ್, ಪೇಂಟ್ ಪಾಲಿಶ್. ಎರಡು ದಿನದ ಕೈಕೆಲಸದ ತರಬೇತಿ. ಒಬ್ಬರಿಗೆ ಖಾಯಂ ಕೆಲಸ.’ ಫೀಸು ನಾಲ್ಕು ಸಾವಿರ. ಗೂಡು ಮಾರಿದ್ದರಲ್ಲಿ ಅನಿತ ಎತ್ತಿಟ್ಟಿದ್ದ ದುಡ್ಡು ಅದಕ್ಕೆ ಹೋಗಿತ್ತು.

“ಬಸ್ಸು ತೊಳ್ದು ತೊಳ್ದು ಕಾಲ್ಬೆರಳೆಲ್ಲಾ ಕೊಳೀತಾವೆ ಕಣೇ,” ಅಂದಿದ್ದ ಅವನು. “ಇದು ಕುಂತ್ಕೊಂಡು ಮಾಡೋ ಕೆಲ್ಸ. ಮಿಷನ್ ಕೆಲ್ಸ. ತಿಂಗಳ ಸಂಬಳ.”

ಶನಿವಾರ ಬೆಳಿಗ್ಗೆ ನರಸಾಪುರದ ದೊಡ್ಡ ರಸ್ತೆಯ ಪಕ್ಕ, ಹಳೇ ಕಾರು ಮಾರುವ ಶಿವಶಂಕರನ ಶೆಡ್ಡಿನ ಬಾಗಿಲಲ್ಲಿ ಕದಿರೇಶ ಚಪ್ಪಲಿ ಬಿಡುತ್ತಿದ್ದ. ಪಕ್ಕದಲ್ಲಿ ಇನ್ನೊಂದು ಜೊತೆ ಚಪ್ಪಲಿ ಬಿತ್ತು. ತಲೆಯೆತ್ತಿದರೆ ಮುನೇಶ.

“ಹಲ್ಲು ಹೆಂಗಿದೆ?” ಮುನೇಶ ಕೇಳಿದ.

“ಅತ್ತೆ ಮನೇಲಿ ಕಾರ್ಯ ಆಯ್ತಾ?” ಕದಿರೇಶ ಕೇಳಿದ.

ಆಮೇಲೆ ಇಬ್ಬರೂ ನಗಲಿಲ್ಲ.

ಒಟ್ಟು ಎಂಟು ಜನ ಸೇರಿದ್ದರು. ಹೋಳೂರಿನ ನರೇಶ ಇದ್ದ. ಶಿವಾರಪಟ್ಟಣದ ಸುನಂದ ಅನ್ನುವವಳು ಒಬ್ಬಳೇ ಹೆಂಗಸು. ಅವಳು ಹನ್ನೆರಡು ವರ್ಷ ಕಲ್ಲಿನ ವಿಗ್ರಹ ಉಜ್ಜಿ ನುಣುಪು ಮಾಡಿದವಳು. ಉಳಿದವರು ಶ್ರೀನಿವಾಸಪುರ, ಮಾಲೂರು ಕಡೆಯವರು. ಶೆಡ್ಡಿನ ಒಳಗೆ ಸಾಲಾಗಿ ಹನ್ನೆರಡು ಕಾರು ನಿಂತಿದ್ದವು. ಎಲ್ಲವೂ ಧೂಳು ಹಿಡಿದವು, ಗೀರು ಬಿದ್ದವು.

ಶಿವಶಂಕರ ಬಿಳೀ ಅಂಗಿ ಹಾಕಿಕೊಂಡು ಬಂದು ಕುರ್ಚಿ ಹತ್ತಿ ನಿಂತ.

“ನೋಡ್ರಪ್ಪಾ, ನಾನೂ ರೈತನ ಮಗನೇ. ಮುಯ್ಯಿ ಅಂದ್ರೆ ಗೊತ್ತಲ್ಲ? ಇದನ್ನೂ ಮುಯ್ಯಿ ಅಂದ್ಕೊಳ್ಳಿ. ಎರಡು ದಿನ ನೀವು ನನ್ನ ಗಾಡಿಗೆ ಕೈ ಕೊಡಿ, ಆಮೇಲೆ ನಿಮ್ಮ ಬಾಳಿಗೆ ನಾನು ಕೈ ಕೊಡ್ತೀನಿ.”

ಎಲ್ಲರೂ ತಲೆಯಾಡಿಸಿದರು. ಆ ಮಾತು ಕೇಳಿದ ಮೇಲೆ ಕೆಲಸದ ವಿಷಯ ಬರೆದುಕೊಡಿ ಅಂತ ಯಾರಾದರೂ ಕೇಳುತ್ತಾರೆಯೇ? ಮುಯ್ಯಿಗೆ ಯಾರೂ ಬರೆಸಿಕೊಳ್ಳುವುದಿಲ್ಲ.

ಕಲಿಸುವವನು ಬೆಂಗಳೂರಿನಿಂದ ಬಂದಿದ್ದ ಮುರಳೀಕೃಷ್ಣ ಅನ್ನುವ ಹುಡುಗ. ಸುಳ್ಳು ಹೇಳಬಾರದು, ಅವನಿಗೆ ಕೆಲಸ ಬರುತ್ತಿತ್ತು. ಕಾರು ತೊಳೆದು ಒರೆಸಿ, ಲೈಟು ಹಿಡಿದು ತೋರಿಸಿದ. ಬಣ್ಣದ ಮೇಲೆ ಜೇಡನ ಬಲೆಯ ಹಾಗೆ ಸಣ್ಣ ಸಣ್ಣ ಗೀರು ಎದ್ದು ಬಂದವು. ಬಾನೆಟ್ಟಿನ ನಟ್ಟನಡುವೆ ಒಂದು ಟೇಪು ಅಂಟಿಸಿದ. ಒಂದು ಪಕ್ಕ ಮಾತ್ರ ಮುಲಾಮು ಹಚ್ಚಿ ಮಿಷನ್ನು ಆಡಿಸಿದ. ಆ ಪಕ್ಕ ಕನ್ನಡಿಯಾಯಿತು. ಈ ಪಕ್ಕ ಹಾಗೇ ಬೂದಿ ಬಳಿದಂತೆ ಉಳಿಯಿತು.

“ಅಬ್ಬಬ್ಬಾ,” ಅಂದ ನರೇಶ.

“ಎಲ್ಲಾ ಸಲನೂ ಹಿಂಗೇ ಅರ್ಧ ಮಾಡಿ ನೋಡ್ಕೊಳ್ಳಿ. ಆಗ್ಲೇ ನಿಮ್ಮ ಕೆಲ್ಸ ನಿಮ್ಗೆ ಕಾಣೋದು,” ಅಂದ ಮುರಳೀಕೃಷ್ಣ. ಮಿಷನ್ನಿನ ಮುಖಕ್ಕೆ ಸಿಕ್ಕಿಸುವ ಸ್ಪಂಜಿನ ಪ್ಯಾಡು ಎತ್ತಿ ತೋರಿಸಿದ. “ಇದು ನೆಲಕ್ಕೆ ಬಿದ್ರೆ ಮುಗೀತು. ಒಂದು ಮರಳಿನ ಕಾಳು ಅಂಟ್ಕೊಂಡ್ರೂ ಗಾಡಿ ಬಣ್ಣಾನೇ ಕಿತ್ಕೊಂಡು ಹೋಗತ್ತೆ. ಬಿದ್ದ ಪ್ಯಾಡ್ ಮುಟ್ಬೇಡಿ.”

ಇದ್ದದ್ದು ಎರಡೇ ಮಿಷನ್ನು. ಎಲ್ಲರೂ ಒಂದೊಂದು ಸಲ ಹಿಡಿದು ನೋಡಿದರು. ಕದಿರೇಶನ ಕೈಯಲ್ಲಿ ಅದು ಕಟ್ಟಿದ ಹೋರಿಯ ಹಾಗೆ ಎಗರಾಡಿತು. ಮುನೇಶನ ಕೈಯಲ್ಲಿ ಹಸುವಿನಂತೆ ನಿಂತಿತು.

“ಸೂಪರ್! ಎಲ್ಲಾರೂ ಇವ್ರ ಕೈ ನೋಡಿ,” ಅಂದ ಮುರಳೀಕೃಷ್ಣ.

ಎಲ್ಲರೂ ನೋಡಿದರು. ಕದಿರೇಶನೂ ನೋಡಿದ. ನೋಡಿ ನೋಡಿ ಅವನ ಕಣ್ಣು ಉರಿಯಿತು. ಅಲ್ಲಿಂದ ಸಾಯಂಕಾಲದ ತನಕ ಒಂದು ಮಿಷನ್ನು ಮುನೇಶನ ಕೈಯಲ್ಲೇ ಇತ್ತು. ಇನ್ನೊಂದು ಉಳಿದವರ ಕೈಯಲ್ಲಿ ಸರದಿ ಸುತ್ತುತ್ತಿತ್ತು. ಕದಿರೇಶನಿಗೆ ಸಿಕ್ಕಿದ್ದು ಒರೆಸುವ ಬಟ್ಟೆ. ಇಲ್ಲೂ ಅವನು ಇನ್ನೊಬ್ಬನೇ.

ಮಧ್ಯಾಹ್ನ ಕೈ ತೊಳೆಯುತ್ತಿದ್ದಾಗ ಶಿವಶಂಕರ ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಟ್ಟ.

“ಏನಪ್ಪಾ ಕದಿರೇಶ, ಮಿಷನ್ ಸಿಗ್ಲಿಲ್ಲ ಅಂತ ಬೇಜಾರಾ? ನಾನು ನೋಡೋದು ಮಿಷನ್ನಲ್ಲ, ನಿಯತ್ತು. ಕೆಲ್ಸ ನಿಂಗೇ ಅಂತ ಇಟ್ಕೋ. ಯಾರ್ಗೂ ಬಾಯಿ ಬಿಡಬೇಡ, ಹೊಟ್ಟೆ ಉರ್ಕೊಳ್ತಾರೆ. ಇವತ್ತು ಆರು ಗಾಡಿ ಮುಗೀಬೇಕು, ನೀನೇ ಮುಂದೆ ನಿಂತು ಮಾಡ್ಸು.”

ಕದಿರೇಶನ ಮೈಯೆಲ್ಲಾ ಹಗುರಾಯಿತು. ಅವತ್ತು ಅವನು ಕತ್ತಲಾಗುವ ತನಕ ಕೂರಲಿಲ್ಲ. ಬೇರೆಯವರನ್ನೂ ಕೂರಲು ಬಿಡಲಿಲ್ಲ. ವಿಚಿತ್ರವೆಂದರೆ ಬೇರೆಯವರೂ ಕೂರಲು ನೋಡಲಿಲ್ಲ. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಹುಳುಕು ಹುಡುಕುತ್ತಾ, ಒಬ್ಬರಿಗಿಂತ ಒಬ್ಬರು ಹೆಚ್ಚು ಉಜ್ಜಿದರು. ಆರಲ್ಲ, ಏಳು ಕಾರು ಮುಗಿದವು.

ಭಾನುವಾರ ಹತ್ತು ಗಂಟೆ ಹೊತ್ತಿಗೆ ಮತ್ತೆ ಅದೇ ಕಥೆ. ಮುನೇಶ ಒಂದು ಕೆಂಪು ಕಾರಿನ ಬಾಗಿಲು ಮಾಡುತ್ತಿದ್ದ. ಶಿವಶಂಕರ ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ. ಕದಿರೇಶನಿಗೆ ಬಟ್ಟೆ ಹಿಂಡಿಕೊಂಡು ಬರಲು ಹೇಳಿದ. ಕೆಲಸ ನಿಂಗೇ ಅಂದವನು ಫೋಟೋ ಇವನ ಜೊತೆ ಯಾಕೆ ತೆಗೆಸಿಕೊಂಡ?

ಮುನೇಶ ಪ್ಯಾಡು ಬದಲಿಸಲು ಕೈ ಚಾಚಿದ. “ಲೇ, ಒಂದು ಪ್ಯಾಡ್ ಕೊಡೋ.”

ಸ್ಟೂಲಿನ ಮೇಲಿಂದ ಎತ್ತುವಾಗ ಪ್ಯಾಡು ಕದಿರೇಶನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅದು ಬೇಕೆಂದು ಮಾಡಿದ್ದಲ್ಲ. ಬಿದ್ದದ್ದನ್ನು ಎತ್ತಿದ. ಪಕ್ಕದಲ್ಲೇ ಇನ್ನೂ ನಾಲ್ಕು ಪ್ಯಾಡು ಇದ್ದವು. ಅವನಿಗೆ ಅವು ಕಾಣುತ್ತಿದ್ದವು. ಎತ್ತಿದ್ದನ್ನೇ ಮುನೇಶನ ಕೈಗಿಟ್ಟ.

ಮುನೇಶ ನೋಡಲಿಲ್ಲ. ಹೊಲದಲ್ಲಿ ಪಕ್ಕದವನು ಕೊಟ್ಟ ಕುಡ್ಲನ್ನು ಯಾರು ತಿರುಗಿಸಿ ನೋಡುತ್ತಾರೆ?

ಮಿಷನ್ನು ತಿರುಗಿತು. ಕರ್ರೆಂದು ಸದ್ದಾಯಿತು. ಬಾಗಿಲಿನ ಮೇಲೆ ಬೆಕ್ಕು ಪರಚಿದ ಹಾಗೆ ಸುತ್ತು ಸುತ್ತಾಗಿ ಬಿಳೀ ಗೀರೆದ್ದವು.

ಶಿವಶಂಕರನ ಬಾಯಿ ಬದಲಾಯಿತು. “ಥೂ, ದನ ಮೇಯ್ಸೋನೇ! ನಿನ್ನ ಯೋಗ್ಯತೆಗೆ ಮಿಷನ್ ಬೇರೆ ಕೇಡು. ಹೊಸಾ ಪೇಂಟ್‌ಗೆ ಎಂಟು ಸಾವಿರ ಆಗತ್ತೆ, ಯಾರು ನಿಮ್ಮಪ್ಪ ಕೊಡ್ತಾನಾ? ಬೈಕ್ ಕೀ ಕೊಡು ಇಲ್ಲಿ.”

ಮುನೇಶ ಬೈಕಿನ ಕೀ ತೆಗೆದು ಅವನ ಕೈಗೆ ಕೊಟ್ಟ. ಮಿಷನ್ನು ಕದಿರೇಶನ ಕೈಗೆ ಬಂತು. ಅದು ಬಿಸಿಯಾಗಿತ್ತು. ಎರಡು ದಿನದಿಂದ ಬೇಕು ಬೇಕು ಅಂದದ್ದು ಕೈಗೆ ಬಂದರೂ ಅವನು ಕೂಡಲೇ ಸ್ವಿಚ್ಚು ಒತ್ತಲಿಲ್ಲ.

ಊಟದ ಹೊತ್ತಿಗೆ ಮುನೇಶ ನೀರಿನ ತೊಟ್ಟಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ. ಮುದ್ದೆ ಡಬ್ಬಿ ತೆಗೆದಿರಲಿಲ್ಲ. ಕದಿರೇಶ ಹೋಗಿ ಪಕ್ಕ ನಿಂತ.

“ಊಟ ಮಾಡು.”

“ಪ್ಯಾಡ್ ಸರಿಯಾಗೇ ಇತ್ತಲ್ಲಲೇ? ಹೆಂಗಾಯ್ತು ಅಂತಾನೇ ಗೊತ್ತಾಗ್ಲಿಲ್ಲ.” ಮುನೇಶ ಅಂಗೈ ನೋಡಿಕೊಂಡ. “ಇನ್ನು ಮುಚ್ಚಿಟ್ಟು ಏನು, ಹೇಳ್ಬಿಡ್ತೀನಿ. ನಿನ್ನೆ ಸಾಹುಕಾರ್ರು ನನ್ನ ಕರ್ದು ಹೇಳಿದ್ರು ಕಣೋ. ‘ನಾನು ನೋಡೋದು ನಿಯತ್ತು. ಕೆಲ್ಸ ನಿಂಗೇ ಅಂತ ಇಟ್ಕೋ. ಯಾರ್ಗೂ ಬಾಯಿ ಬಿಡಬೇಡ, ಹೊಟ್ಟೆ ಉರ್ಕೊಳ್ತಾರೆ’ ಅಂತ. ಅಮ್ಮಂಗೂ ಹೇಳ್ಬಿಟ್ಟಿದ್ದೆ.”

ಕದಿರೇಶ ಅಲ್ಲೇ ಕೂತುಬಿಟ್ಟ. ಅದೇ ಮಾತು. ಒಂದಕ್ಷರ ಆಚೆ ಈಚೆ ಇಲ್ಲ.

ಎದ್ದು ನೇರವಾಗಿ ಸುನಂದಳ ಹತ್ತಿರ ಹೋದ. ಅವಳು ಮಜ್ಜಿಗೆ ಕುಡಿಯುತ್ತಿದ್ದಳು.

“ಅಕ್ಕಾ, ಸಾಹುಕಾರ್ರು ನಿಮ್ಗೇನಾದ್ರೂ ಕೆಲ್ಸದ ಮಾತು ಹೇಳಿದ್ರಾ?”

ಅವಳು ಅವನ ಮುಖ ದಿಟ್ಟಿಸಿದಳು. “ನಿಂಗ್ಯಾಕಣ್ಣಾ?”

“ನಿಯತ್ತು ನೋಡ್ತೀನಿ ಅಂದ್ರಾ?”

ಮಜ್ಜಿಗೆ ಲೋಟ ಕೆಳಗಿಟ್ಟಳು. “ನಿಂಗೂ ಅಂದ್ರಾ?”

ನರೇಶ ನಗಲು ಹೋಗಿ ನಗಲಿಲ್ಲ. “ಏಮಪ್ಪಾ ಇದು, ನಂಗೂ ಅದೇ ಅಂದವ್ರೆ. ನಿನ್ನೆ ರಾತ್ರಿಯೆಲ್ಲಾ ಸಂತೋಷಕ್ಕೆ ನಿದ್ದೆ ಇಲ್ಲ ನಂಗೆ.”

ಉಳಿದ ನಾಲ್ವರಿಗೂ ಅದೇ ಹೇಳಿದ್ದ. ಎಂಟು ಜನ, ಎಂಟು ಕಿವಿ, ಒಂದೇ ಮಾತು. ಹೊರಗೆ, ಕೆಂಪು ಕಾರಿನ ಆ ಒಂದು ಬಾಗಿಲು ಬಿಟ್ಟರೆ, ಹನ್ನೊಂದು ಕಾರು ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದವು. ಅವುಗಳ ಗಾಜಿನ ಮೇಲೆ ಶಿವಶಂಕರ ಆಗಲೇ ಹೊಸ ರೇಟಿನ ಚೀಟಿ ಅಂಟಿಸುತ್ತಿದ್ದ.

“ಕಲ್ಲು ಉಜ್ಜಿದ್ರೆ ಕೂಲಿನಾದ್ರೂ ಕೊಡ್ತಿದ್ರು,” ಅಂದಳು ಸುನಂದ. “ಇಲ್ಲಿ ನಾವೇ ದುಡ್ಡು ಕೊಟ್ಟು ಕೂಲಿ ಮಾಡ್ತಾ ಇದೀವಿ. ಅದೂ ಒಬ್ರನ್ನೊಬ್ರು ಗುರಾಯಿಸ್ಕೊಂಡು.”

ಕದಿರೇಶ ಮುಂದೆ ಬಂದ. ಈಗ ಹೇಳದಿದ್ದರೆ ಮತ್ತೆ ಹೇಳಲಾರೆ ಅನ್ನಿಸಿತು.

“ಮುನೇಶನ ತಪ್ಪಲ್ಲ. ನೆಲಕ್ಕೆ ಬಿದ್ದ ಪ್ಯಾಡು ಅದು. ಗೊತ್ತಿದ್ದೂ ನಾನೇ ಕೊಟ್ಟೆ.”

ಮುನೇಶ ತೊಟ್ಟಿಯ ಹಿಂದಿನಿಂದ ಎದ್ದು ಬಂದಿದ್ದ. ಹೊಡೆಯುತ್ತಾನೆ ಅಂದುಕೊಂಡು ಕದಿರೇಶ ಹಾಗೇ ನಿಂತ. ಮುನೇಶ ಹೊಡೆಯಲಿಲ್ಲ. ಪರಿಚಯವಿಲ್ಲದವನನ್ನು ನೋಡುವ ಹಾಗೆ ಒಮ್ಮೆ ನೋಡಿ ಮುಖ ತಿರುಗಿಸಿಕೊಂಡ.

ಉಳಿದಿದ್ದು ಕರೀ ಕಾರು. ಅದೇ ಎಲ್ಲಕ್ಕಿಂತ ದುಬಾರಿ. ಸಂಜೆ ಐದಕ್ಕೆ ಬೆಂಗಳೂರಿನಿಂದ ಕೊಳ್ಳುವವರು ಬರುವವರಿದ್ದರು. ಕದಿರೇಶ ಬಾನೆಟ್ಟಿನ ನಡುವೆ ಟೇಪು ಅಂಟಿಸಿದ. ಒಂದು ಪಕ್ಕ ಮಾಡಿದ. ಉಳಿದ ಏಳು ಜನ ಸುತ್ತ ನಿಂತು ನೋಡಿದರು. ಈ ಸಲ ಮಿಷನ್ನು ಅವನ ಕೈಯಲ್ಲಿ ಎಗರಲಿಲ್ಲ. ಕರೀ ಬಣ್ಣದೊಳಗೆ ಶೆಡ್ಡಿನ ತಗಡು, ಟ್ಯೂಬ್‌ಲೈಟು, ಎಂಟು ಮುಖ ಕಂಡವು. ಟೇಪಿನ ಆಚೆ ಗೀರು, ಕಲೆ, ಹಕ್ಕಿ ಹಿಕ್ಕೆ ಕೊರೆದ ಗುರುತು.

ಮಿಷನ್ನು ಆರಿಸಿ ಕೆಳಗಿಟ್ಟ.

“ಯಾಕ್ರೋ ನಿಂತ್ರಿ? ನಾಲ್ಕೂವರೆ ಆಯ್ತು!” ಶಿವಶಂಕರ ಓಡಿ ಬಂದ.

“ಸಾರ್, ಕೆಲ್ಸ ಯಾರ್ಗೆ?” ಕದಿರೇಶ ಕೇಳಿದ.

“ಅದನ್ನ ಆಮೇಲೆ ಹೇಳ್ತೀನಿ ಅಂದ್ನಲ್ಲ...”

“ಈಗ್ಲೇ ಹೇಳಿ ಸಾರ್. ಎಂಟೂ ಜನ ಇಲ್ಲೇ ಇದೀವಿ. ಕಿವೀಲಿ ಬೇಡ, ಗಟ್ಟಿಯಾಗಿ ಹೇಳಿ.”

ಶಿವಶಂಕರನ ಕಣ್ಣು ಒಬ್ಬರಿಂದ ಒಬ್ಬರಿಗೆ ಹರಿದಾಡಿತು. “ಓಹೋ, ಸಂಘ ಕಟ್ಟಿದೀರಾ? ಗಾಡಿ ಅರ್ಧಕ್ಕೆ ಬಿಟ್ರೆ ಒಬ್ರಿಗೂ ಸರ್ಟಿಫಿಕೇಟ್ ಇಲ್ಲ, ಗೊತ್ತಾಯ್ತಾ?”

“ನೀವೇ ಇಟ್ಕೊಳ್ಳಿ ಸಾಮಿ,” ಅಂದಳು ಸುನಂದ. “ಗಾಜು ಒರ್ಸಕ್ಕೆ ಆಗತ್ತೆ.”

ನರೇಶ ಮುಂದೆ ಹೋಗಿ ಶಿವಶಂಕರನ ಮೇಜಿನ ಮೇಲಿದ್ದ ಬೈಕಿನ ಕೀ ಎತ್ತಿ ಮುನೇಶನಿಗೆ ಕೊಟ್ಟ. ಶಿವಶಂಕರ ಕೈ ಚಾಚಿದವನು, ಏಳು ಜನ ಅಡ್ಡ ಬಂದದ್ದು ಕಂಡು ಕೈ ಹಿಂದಕ್ಕೆ ತೆಗೆದುಕೊಂಡ. “ಲೇ ಮುರಳಿ, ನೀನಾದ್ರೂ ಮುಗ್ಸೋ,” ಅಂದ. ಮುರಳೀಕೃಷ್ಣ ಮಿಷನ್ನಿನ ವೈರು ಪ್ಲಗ್ಗಿನಿಂದ ಕಿತ್ತು ಸುತ್ತತೊಡಗಿದ.

ಅವರು ಗೇಟು ದಾಟುವಾಗ ಬೆಂಗಳೂರಿನ ಕಾರೊಂದು ಒಳಗೆ ಬಂತು. ಅದರಿಂದ ಇಳಿದವರು ಮೊದಲು ನೋಡಿದ್ದು ಬಾನೆಟ್ಟಿನ ನಡುವಿನ ಟೇಪನ್ನು. ಆಮೇಲೆ ಅದರ ಈ ಪಕ್ಕ, ಆ ಪಕ್ಕ. ಆಮೇಲೆ ಉಳಿದ ಹನ್ನೊಂದು ಕಾರುಗಳನ್ನು ಒಂದೊಂದಾಗಿ.

ಸೋಮವಾರ ಮಂಜಿನಲ್ಲೇ ಕದಿರೇಶ, ಅನಿತ ಮುನೇಶನ ಹೊಲಕ್ಕೆ ಹೋದರು. ಮುನಿಯಲ್ಲಮ್ಮ ಕುಡ್ಲು ಹಿಡಿದು ಬದುವಿನ ಮೇಲೆ ನಿಂತಿದ್ದಳು.

“ಬರಲ್ಲ ಅಂದ್ಕೊಂಡಿದ್ದೆ ಕಣಪ್ಪಾ.”

“ಮುಯ್ಯಿ ಅಲ್ವಾ ಅತ್ತೆ.”

“ಅದಕ್ಕೇ ಬಿಟ್ಕೊಳ್ತಾ ಇದೀನಿ. ಇಳಿ.”

ಮುನೇಶ ತಲೆಯೆತ್ತಲಿಲ್ಲ. ಕದಿರೇಶ ಪಕ್ಕದ ಸಾಲು ಹಿಡಿದ. ಇವನ ತೆನೆ ತನ್ನ ಹೊಲದ ತೆನೆಗಿಂತ ದಪ್ಪ ಅಂತ ಕೈಗೆ ತಿಳಿಯಿತು. ಹಳೇ ಹೊಟ್ಟೆಕಿಚ್ಚು ಮತ್ತೆ ಮಿಸುಕಿತು. ಅದರ ಮೇಲೇ ಕುಡ್ಲು ಆಡಿಸಿದ.

ಹತ್ತು ಗಂಟೆಗೆ ಫೋನು ಬಂತು. ಶಿವಶಂಕರ. ದನಿ ಬೆಲ್ಲವಾಗಿತ್ತು. “ಕದಿರೇಶ, ಆ ಅರ್ಧ ಬಾನೆಟ್ಟು ಮುಗಿಸ್ಕೊಡಪ್ಪಾ. ಪಾರ್ಟಿ ವಾಪಸ್ ಹೋಗ್ಬಿಟ್ರು. ಪೆಟ್ರೋಲಿಗೆ ಕೊಡ್ತೀನಿ. ಕೆಲ್ಸಾನೂ ನಿಂಗೇ.”

ಕದಿರೇಶ ಸ್ಪೀಕರ್ ಹಾಕಿದ. ಮುನೇಶನ ಕುಡ್ಲು ನಿಂತಿತು.

“ಬರ್ತೀನಿ ಸಾರ್. ಮೊದ್ಲು ನಿಮ್ಮ ಮುಯ್ಯಿ ತೀರ್ಸಿ. ಎಂಟು ಜನ, ಎರಡು ದಿನ, ಹದಿನಾರು ಆಳು. ರಾಗಿ ಬೇಕಾದಷ್ಟಿದೆ. ಬಿಳೀ ಅಂಗಿ ಬೇಡ, ಕುಡ್ಲು ನಾವೇ ಕೊಡ್ತೀವಿ.”

ಆ ಕಡೆ ಫೋನು ಕಟ್ಟಾಯಿತು. ಮುನಿಯಲ್ಲಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಮುನೇಶ ನಗಲಿಲ್ಲ.

ಹೊತ್ತು ಇಳಿಯುವ ಹೊತ್ತಿಗೆ ಹೊಲ ಬೋಳಾಯಿತು. ಮುನೇಶ ಕುಡ್ಲಿನ ಮಣ್ಣು ಒರೆಸುತ್ತಾ, ನಿನ್ನೆ ಮಧ್ಯಾಹ್ನದಿಂದ ಮೊದಲ ಸಲ ಕದಿರೇಶನ ಜೊತೆ ಮಾತಾಡಿದ.

“ಹೊಲದ ಮುಯ್ಯಿ ತೀರ್ತು. ಪ್ಯಾಡಿಂದು ತೀರಿಲ್ಲ.”

“ಗೊತ್ತು.”

“ನಾಳೆ ಫೀಸು ವಾಪಸ್ ಕೇಳಕ್ಕೆ ಆ ಶೆಡ್ಡಿಗೆ ಎಷ್ಟು ಗಂಟೆಗೆ?”

“ಎಂಟಕ್ಕೆ. ಸುನಂದಕ್ಕ ಶಿವಾರಪಟ್ಟಣದಿಂದ ಮೊದ್ಲ ಬಸ್ಸಿಗೆ ಬರ್ತಾರೆ. ನರೇಶ ಅವನ ಕಡೆಯವ್ರನ್ನ ಕರ್ಕೊಂಡು ಬರ್ತಾನೆ.”

ಮುನೇಶ ಬೈಕು ತಿರುಗಿಸಿ ನಿಲ್ಲಿಸಿಕೊಂಡ.

“ಏಳೂವರೆಗೆ ಬದು ಹತ್ರ ನಿಂತಿರು. ನಡ್ಕೊಂಡು ಹೋದ್ರೆ ಹಿಂದೆ ಬೀಳ್ತೀಯ.”